ಅಗಳಿ

ಖಡೇಬಜಾರಿನ ಕುಂದಾ ಅಂಗಡಿಯ ಮೇಲೆ
ನಮ್ಮ ರಾತ್ರಿಪಾಳಿ.
ಹಾಲು ಸುಟ್ಟ ವಾಸನೆ ಮೆಟ್ಟಿಲೇರಿ ಬಂದು
ಪರದೇಶದ ಸುದ್ದಿಗೂ ಹತ್ತುತ್ತದೆ.

ಹನ್ನೊಂದೂ ಕಾಲಿಗೆ ಬಂತು ಏಜೆನ್ಸಿ ಸುದ್ದಿ:
ಸಮುದ್ರದಾಚೆಯ ಒಂದು ಪತ್ರಿಕೆ,
ನಮ್ಮವರ ಮೇಲೆ ಮೊದಲಿನಿಂದ ಪ್ರೀತಿ ಇದ್ದದ್ದು,
ಬರೆದಿದೆ, ನೆರೆಯವರ ಜೊತೆ ಮಾತಿಗೆ
ದಿಲ್ಲಿ ಬಾಗಿಲು ಮುಚ್ಚಿಲ್ಲ,
ಲ್ಯಾಚ್ ಹಾಕಿದೆ, ಅಷ್ಟೆ.
ಹಾಗಂತ ಮೂಲಗಳು ತಿಳಿಸಿವೆ.

ನದಿಮೂಲ ಋಷಿಮೂಲ ಕೇಳಬಾರದಂತೆ.
ನಾನು ಕೇಳಲಿಲ್ಲ. ಗೊತ್ತಿತ್ತು.

ಯರಗಟ್ಟಿಯ ಗುರುಶಾಂತ ಹಂಜಿ,
ಹಾಸ್ಟೆಲಿನ ಹದಿನಾಲ್ಕನೇ ಖೋಲಿ.
ಸಾಲ ಕೇಳಿದರೆ ಹೀಗೇ ಅನ್ನುತ್ತಿದ್ದ:
"ಬಾಗಲಾ ಮುಚ್ಚಿಲ್ಲೋ, ಅಗಳಿ ಹಾಕೇನಿ ಅಷ್ಟ."
ಈಗ ದಿಲ್ಲಿಯಲ್ಲಿ, ಹೆಸರಿನ ಫಲಕವಿಲ್ಲದ ಕೋಣೆಯಲ್ಲಿ.
ಅವನ ಮಾತು ಇಂಗ್ಲಿಷಿನ ಕೋಟು ತೊಟ್ಟು
ಕಡಲು ದಾಟಿ, ಪರರ ಬಾಯಲ್ಲಿ ಒಂದು ರಾತ್ರಿ ತಂಗಿ
ನನ್ನ ಮೇಜಿಗೆ ಬಂದು ಕೂತಿದೆ,
ಗುರುತು ಸಿಗಲಿಲ್ಲವೇ ಅಂತ.

ನಮ್ಮಜ್ಜಿ ನೀಲಗಂಗವ್ವ
ಸೊಸೆಗೆ ನೇರ ಏನೂ ಹೇಳಿದವಳಲ್ಲ.
ಹಿತ್ತಲ ಗೋಡೆಯಾಚೆ ಹುಸೇನಬಿಯನ್ನು ಕೂಗಿ,
"ತಮ್ಮನ ಮದುವಿಗೆ ಹೋಗೋರು ಹೋಗ್ಲಿ,
ನಾ ಏನ್ ಕಾಲ ಹಿಡದೇನೇನ?"
ಸಂಜೆ ಹಿಟ್ಟು ಕಡ ಕೇಳಲು ಬಂದ ಹುಸೇನಬಿ
ಅವ್ವನ ಕಿವಿಯಲ್ಲಿ ಹಾಕಿ ಹೋಗುವಳು.
ಅವ್ವ ಟ್ರಂಕು ತುಂಬುವಳು.
ಆಮೇಲೆ ಯಾರಾದರೂ ಕೇಳಿದರೆ ಅಜ್ಜಿ,
"ನಾ ಯಾವಾಗ ಅಂದ್ನೆ?"

ಲ್ಯಾಚ್.
ಚಿಲಕ ಅನ್ನಬಹುದು, ಕೊಂಡಿ ಅನ್ನಬಹುದು.
ಆದರೆ ಚಿಲಕ ಹೊರಗೂ ಇರುತ್ತದೆ,
ಹಾಕಿಕೊಂಡು ಊರಿಗೆ ಹೋಗಿಬಿಡಬಹುದು.
ಅಗಳಿ ಒಳಗಿನದು.
ಅಗಳಿ ಬಿದ್ದಿದೆ ಅಂದರೆ
ಒಳಗೆ ಯಾರೋ ಇದ್ದಾರೆ,
ತಟ್ಟಿದರೆ ಕೇಳಿಸುತ್ತದೆ.
ಗುರುಶಾಂತ ಹೇಳಿದ್ದು ಅದು.
ಇಂಗ್ಲಿಷಿಗೆ ಅದು ದಾಟಿರಲಿಲ್ಲ,
ಗಡಿಯಾಚೆ ಕನ್ನಡಕ ಏರಿಸಿಕೊಂಡು ಓದುವವನಿಗೂ
ದಾಟಿರಲಾರದು.
ತಿಳಿದವ ನಾನೊಬ್ಬ,
ಮಫ್ಲರು ಸುತ್ತಿಕೊಂಡು, ಡಿಸೆಂಬರಿನ ಬೆಳಗಾವಿಯಲ್ಲಿ.
ಅಗಳಿ ಅಂತಲೇ ಬರೆದೆ.

ಫೋನು ಹಚ್ಚಿದೆ.
"ಥಂಡಿ ಹೆಂಗೈತಲೇ?" ಅಂದ.
"ಅಗಳಿ ನಿಂದ ಹೌದಲ್ಲೋ?"
ಆ ಕಡೆ ಒಂದು ಕೆಮ್ಮು.
"ಯಾವ ಅಗಳಿ? ಪೇಪರಿನ್ಯಾಗ ಏನರ ಬಂದೈತೇನು?"

ಅಧಿವೇಶನದ ಗದ್ದಲ, ಕಬ್ಬಿನ ದರ, ಒಂದು ಸೀರೆ ಜಾಹೀರಾತು.
ಪಾಚ್ಛಾಪುರೆ ಸಾಹೇಬರು ನಾಲ್ಕು ಕಾಲಂ
ಒಂದಕ್ಕೆ ಇಳಿಸಿದರು.
ಉಳಿದದ್ದು: ಬಾಗಿಲು ಮುಚ್ಚಿಲ್ಲ, ವಿದೇಶಿ ಪತ್ರಿಕೆ ವರದಿ.
ಅಗಳಿ ಕತ್ತರಿಗೆ ಹೋಯಿತು.

ಎರಡಕ್ಕೆ ಶಹಾಪುರದ ಮನೆ.
ತಟ್ಟಿದೆ.
"ಯಾರು?" ಅಂದಳು ಇವಳು,
ಇಪ್ಪತ್ತಾರು ವರ್ಷ ಇದೇ ಹೊತ್ತಿಗೆ
ಇದೇ ಕೈ ತಟ್ಟುವುದು ಗೊತ್ತಿದ್ದೂ.
ಹೆಸರು ಹೇಳಿದೆ.
ಮರಕ್ಕೆ ಮರ ಉಜ್ಜಿದ ಸಪ್ಪಳ.