ಟಿಕೆಟ್ ಕಿಂಡಿ

ಈ ಕಿಂಡಿಯಲ್ಲಿ ಮುಖ ಕಾಣುವುದಿಲ್ಲ, ಕೈ ಮಾತ್ರ.
ಇಪ್ಪತ್ತೆರಡು ವರ್ಷದಿಂದ ಶನಿವಾರ ಶನಿವಾರ
ಕೈಗಳಿಗೇ ಟಿಕೆಟ್ ಹರಿದು ಕೊಟ್ಟಿದ್ದೇನೆ.
ಉಗುರಿನ ಬುಡದಲ್ಲಿ ಇನ್ನೂ ಕಲ್ಲಿದ್ದಲು ಉಳಿದಿರುವುದು
ಅಲೋಯಿಜಿಯ ಕೈ. ಗಣಿ ಮುಚ್ಚಿ ಹತ್ತೊಂಬತ್ತು ವರ್ಷ,
ಸೋಪಿಗೆ ಸೋಲದ ಕಪ್ಪು ಅದು.
ಎರಡು ಬೆರಳಿಲ್ಲದ್ದು ಹುಬೆರ್ತ್‌ನದು.
ಕೈಗವಸು ಬಿಚ್ಚದೆ ಚಿಲ್ಲರೆ ಎಣಿಸಿ
ಬೀಳಿಸಿ, ನನ್ನನ್ನೇ ಬೈಯುವವಳು
ಬೇಕರಿಯ ಓತೀಲಿಯಾ.

ಕಳೆದ ವಾರ ಐದು ಸೊನ್ನೆ.
ಅದರ ಹಿಂದಿನ ವಾರ ಮೂರು ಸೊನ್ನೆ.
ಅದಕ್ಕೂ ಹಿಂದಿನದು ನಮ್ಮ ಲೆಕ್ಕದಲ್ಲಿ ಗೆಲುವು:
ಹಿಮ ಸುರಿದು ಆಟವೇ ರದ್ದಾಯಿತು.

ನನ್ನ ಗೂಡು ಮೈದಾನಕ್ಕೆ ಬೆನ್ನು ಹಾಕಿ ನಿಂತಿದೆ.
ಇಷ್ಟು ವರ್ಷದಲ್ಲಿ ಒಂದು ಗೋಲೂ ಕಣ್ಣಾರೆ ಕಂಡವಳಲ್ಲ;
ಕಿವಿಯಿಂದ ನೋಡುತ್ತೇನೆ.
ನಮ್ಮವರು ಗೋಲು ತಿಂದರೆ ಗದ್ದಲವಿಲ್ಲ,
ಸೂರ್ಯಕಾಂತಿ ಬೀಜ ಕಡಿಯುವ ಸದ್ದು
ಒಮ್ಮೆಗೇ ನಿಲ್ಲುತ್ತದೆ, ಅಷ್ಟೇ.
ಯಾರೋ ಗೋಲ್‌ಕೀಪರನ ಅಜ್ಜಿಯನ್ನು ನೆನೆಯುತ್ತಾರೆ,
ಮತ್ತೆ ಕಟ್ ಕಟ್ ಕಟ್.
ಎರಡನೆಯ ಗೋಲಿಗೆ ಬೀಜದ ಸದ್ದೂ ನಿಲ್ಲುವುದಿಲ್ಲ.
ನಾಲ್ಕನೆಯದಕ್ಕೆ ನಗು.
ನಗುವಿನಲ್ಲೂ ಎರಡು ಜಾತಿ,
ಅದನ್ನು ಇನ್ನೊಂದು ದಿನ ಹೇಳುತ್ತೇನೆ.

ಕಾತೊವಿತ್ಸೆಯಿಂದ ಒಬ್ಬ ಹುಡುಗ ಬಂದಿದ್ದ,
ವಿಶ್ವವಿದ್ಯಾಲಯದವನು, ಕೈಯಲ್ಲಿ ಪ್ರಶ್ನೆಗಳ ಹಾಳೆ.
ಗೆಲ್ಲದ ತಂಡವನ್ನು ನೋಡಲು ಯಾಕೆ ಬರುತ್ತೀರಿ?
ಅಲೋಯಿಜಿ ಹೇಳಿದ: ಮನೆಯಲ್ಲಿ ಹೆಂಡತಿ ಇದ್ದಾಳೆ.
ಹುಬೆರ್ತ್ ಹೇಳಿದ: ಮನೆಯಲ್ಲಿ ಹೆಂಡತಿ ಇಲ್ಲ.
ಓತೀಲಿಯಾ ಎಂದಳು: ಇಲ್ಲಿ ಸಾಸೇಜ್ ಚೆನ್ನಾಗಿರುತ್ತೆ.
ಸುಳ್ಳು. ಸಾಸೇಜ್ ಸುಡುವವನು ನನ್ನ ಭಾವ, ನನಗೆ ಗೊತ್ತು.
ಹುಡುಗ ಎಲ್ಲವನ್ನೂ ಬರೆದುಕೊಂಡ.
ನನ್ನನ್ನು ಕೇಳಲಿಲ್ಲ.
ಕಿಂಡಿ ಅಷ್ಟು ಕೆಳಗಿದೆ, ಒಳಗೊಬ್ಬಳು ಇದ್ದಾಳೆಂದು
ಬಗ್ಗಿದವರಿಗೆ ಮಾತ್ರ ತಿಳಿಯುತ್ತದೆ.

ಕೇಳಿದ್ದರೂ ಏನು ಹೇಳುತ್ತಿದ್ದೆ?
ಗಣಿಯ ಪಂಜರದಲ್ಲಿ ಇಳಿಯುವಾಗ
ಭುಜಕ್ಕೆ ಭುಜ ಒತ್ತಿ ನಿಲ್ಲುತ್ತಿದ್ದರಂತೆ ಇವರೆಲ್ಲ.
ಈಗ ಸ್ಟ್ಯಾಂಡಿನಲ್ಲಿ ಸಾವಿರದೆಂಟುನೂರು ಸೀಟು, ಎಪ್ಪತ್ತೊಂದು ಜನ,
ಆದರೂ ಒಂದೇ ಮೂಲೆಯಲ್ಲಿ ಒತ್ತಿಕೊಂಡು ಕೂರುತ್ತಾರೆ.
ಚಳಿ, ಎನ್ನುತ್ತಾರೆ.
ಜೂನ್ ತಿಂಗಳಲ್ಲೂ ಹಾಗೇ ಕೂರುತ್ತಾರೆ.

ಇವತ್ತು ಆರು ಸೊನ್ನೆಯವರೆಗೆ ಎಣಿಸಿದೆ.
ನಗುವೂ ಮುಗಿದು, ಬೀಜವೂ ಮುಗಿದು,
ಸಂಜೆ ನಾಲ್ಕಕ್ಕೇ ದೀಪ ಹಚ್ಚುವ ಕತ್ತಲೆ.
ಆಗ ಎದ್ದಿತು ನೋಡಿ ಒಂದು ಗರ್ಜನೆ,
ನನ್ನ ಗೂಡಿನ ತಗಡು ನಡುಗಿ
ಚಿಲ್ಲರೆ ಡಬ್ಬಿ ತಾನಾಗಿ ಸದ್ದು ಮಾಡಿತು.
ಬೀಗ ಹಾಕುವುದನ್ನೂ ಮರೆತು
ಓಡಿದೆ ಗೇಟಿನ ಮೂಲೆಗೆ, ಈ ಮೊಣಕಾಲಲ್ಲಿ.

ಗೋಲಲ್ಲ. ಕಾರ್ನರ್.
ಆಟದ ಮೊದಲ ಕಾರ್ನರ್ ಸಿಕ್ಕಿತ್ತು ನಮ್ಮವರಿಗೆ, ಅಷ್ಟಕ್ಕೇ
ಎಪ್ಪತ್ತೊಂದೂ ಜನ ಎದ್ದು ನಿಂತಿದ್ದರು,
ಓತೀಲಿಯಾ ಕೈಗವಸು ಬಿಚ್ಚಿ ಬೆರಳು ಕಚ್ಚುತ್ತಿದ್ದಳು.
ಮೀಸೆ ಮೂಡದ ಪೋರನೊಬ್ಬ ಓಡಿ ಬಂದು ಒದ್ದ;
ಚೆಂಡು ಎಲ್ಲರ ತಲೆಯ ಮೇಲೆ ಹಾದು
ಗೋಡೆ ದಾಟಿ, ಯಾರದೋ ಕೋಸಿನ ಮಡಿಗೆ ಬಿತ್ತು.
ಕ್ಲಬ್ಬಿನಲ್ಲಿ ಇದ್ದದ್ದೇ ಎರಡು ಚೆಂಡು,
ಇನ್ನೊಂದರ ಗಾಳಿ ಮಧ್ಯಾಹ್ನವೇ ಹೋಗಿತ್ತು.

ಆಟ ನಿಂತಿತು. ರೆಫರಿ ಕೈ ಉಜ್ಜಿಕೊಂಡ.
ಮನೆಗೆ ಹೋಗಲು ಇದಕ್ಕಿಂತ ಒಳ್ಳೆಯ ನೆಪ ಬೇಕೆ?
ಒಬ್ಬರೂ ಹೋಗಲಿಲ್ಲ.
ಹುಬೆರ್ತ್ ಕುಂಟುತ್ತ ಗೇಟು ದಾಟಿ ಹೊರಟ,
ನಾನು ಗೂಡಿಗೆ ಮರಳಿ ಡಬ್ಬಿ ನೋಡಿದೆ, ಎಲ್ಲ ಸರಿಯಿತ್ತು.

ಹತ್ತು ನಿಮಿಷದ ಮೇಲೆ ಕಿಂಡಿಯಲ್ಲಿ ಮೂರು ಬೆರಳು,
ಮಣ್ಣು ಮೆತ್ತಿದ್ದು, ಜೊತೆಗೆ ಮಡಚಿದ ಹತ್ತು ಜ್ಲೋತಿ.
ಏನೋ ಇದು, ಎಂದೆ. ನಿನ್ನ ಟಿಕೆಟ್ ಇದೆಯಲ್ಲ.
ಹೊರಗೆ ಹೋಗಿ ಬಂದೆ, ಎಂದ.
ಇನ್ನು ನಾಲ್ಕೇ ನಿಮಿಷ ಉಳಿದಿರೋದು, ಎಂದೆ.
ಬೆರಳು ಕದಲಲಿಲ್ಲ.
ಹರಿದು ಕೊಟ್ಟೆ.