ಸೊನ್ನೆ ಬರೆಯುವ ಸಂಜೆ

ರೀಗಾ, ನವೆಂಬರ್. ಹೀಟರಿನ ಮೇಲೆ ಕೈಗವಸು ಒಣಗುತ್ತಿದೆ.
ಮೇಜಿನ ತುಂಬ ಹನ್ನೊಂದು ಹಾರ್ಡ್ ಡಿಸ್ಕು,
ಒಂದಕ್ಕೆ ಯಾವುದೋ ಮಗು ಅಂಟಿಸಿದ ನರಿಮರಿ.

ಕನ್ನಡಕ ಹಣೆಗೇರಿಸಿ ಜಿಂತ್ರಾ ಕೇಳುತ್ತಾಳೆ:
ಇವುಗಳಲ್ಲಿ ನಿಜವಾಗಿ ಮರೆಸುವುದು ಯಾವುದು?

ಒಂದು ಪುಕ್ಕಟೆ; ಕಪ್ಪು ಪರದೆ, ಮಾತು ಕಮ್ಮಿ.
ಇನ್ನೊಂದು ದುಡ್ಡು ಕೇಳಿ, ಕೊನೆಗೆ
ಮೊಹರೊತ್ತಿದ ಕಾಗದ ಕೊಡುತ್ತದಂತೆ.
ಮತ್ತೊಂದಕ್ಕೆ ಮೂವತ್ತೈದು ಸಲ ಉಜ್ಜುವ ಜಂಬ.
ನಮ್ಮಜ್ಜಿ ಬಾಣಲೆಯನ್ನೂ ಅಷ್ಟು ಉಜ್ಜಿದವಳಲ್ಲ, ಅಂದ ವಿಲ್ನಿಸ್.

ಬರೀ ಡಿಲೀಟ್ ಒತ್ತಿದರೆ
ಬಾಗಿಲ ನಾಮಫಲಕ ಕಿತ್ತಂತೆ, ಅಷ್ಟೆ.
ಮನೆ ಅಲ್ಲೇ ಇರುತ್ತದೆ, ಒಳಗೆ ದೀಪ ಉರಿಯುತ್ತ.

ಈ ಮನೆಗೆ ನಾಮಫಲಕ
ಇದ್ದದ್ದೇ ಇಲ್ಲವಲ್ಲ, ಅಂದಳು.

ಹತ್ತೊಂಬತ್ತು ವರ್ಷ
ಅಪರಾತ್ರಿ ಬಾಗಿಲು ತಟ್ಟಿದವರು:
ಒಂದು ಚೀಲ, ಒಂದು ಕೂಸು, ಮುರಿದ ಹಲ್ಲು.
ಯಾವ ಊರಿಗೆ ದಾಟಿಸಿದ್ದು, ಯಾವ ಶಾಲೆ, ಯಾವ ಹೊಸ ಹೆಸರು,
ಎಲ್ಲ ಇದರೊಳಗೆ.
ಹುಡುಕುವ ಗಂಡಂದಿರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ.

ಪುಕ್ಕಟೆಯದೇ ಆಯಿತು.
ಸೊನ್ನೆ, ಸೊನ್ನೆ, ಸೊನ್ನೆ.
ಶೇಕಡಾ ನಾಲ್ಕು. ಚಹಾ ಆರಿತು.
ಶೇಕಡಾ ನಲವತ್ತೊಂದು. ಟ್ರಾಮು ಹಾದುಹೋಯಿತು, ಕಿಟಕಿ ಗದರಿತು.

ಜಿಂತ್ರಾ ಉಗುರಿನಿಂದ ಮೆಲ್ಲಗೆ
ನರಿಮರಿಯನ್ನು ಬಿಡಿಸಿದಳು, ಬಾಲ ಹರಿಯದಂತೆ,
ತನ್ನ ಕನ್ನಡಕದ ಡಬ್ಬಿಯೊಳಗೆ ಅಂಟಿಸಿ
ಮುಚ್ಚಿದಳು.