ಹಚ್ಚೂದು

ಬಣ್ಣ ಹಚ್ಚೂದೂ ಹಚ್ಚೂದ,
ಗಾಡಿ ಹಚ್ಚೂದೂ ಹಚ್ಚೂದ ನಮ್ಮ ಕಡೆ.
ಒಂದ ಮಾತಿಗೆ ಎರಡು ಕೆಲಸ.
ಜಗಳ ಅಲ್ಲೇ ಸುರು.

ರಾತ್ರಿ ಹನ್ನೊಂದೂವರಿ. ಖಡೇಬಜಾರದಾಗ
ನಾನು, ಭರಮಾ, ಎರಡು ಡಬ್ಬಿ ಬಿಳಿ ಬಣ್ಣ,
ಸುಣ್ಣ ಹಚ್ಚಿದ ದಾರ, ಗೋಣಿಯೊಳಗ ಸುತ್ತಿದ ಬ್ರಶ್ಶು.
ಶಟರ್ ಎಲ್ಲಾ ಕೆಳಗ, ನಾಯಿ ಎಲ್ಲಾ ಕಟ್ಟಿ ಮ್ಯಾಲ.
ಜೆ.ಇ. ಸಾಹೇಬರು ಸಂಜೀಕ ಹೇಳಿ ಹೋಗಿದ್ದರು:
ಗಟಾರದಿಂದ ಆರು ಫೂಟು ನಡಿಯೋರಿಗೆ,
ಅದರಾಚೆ ನಾಲ್ಕು ಸೈಕಲ್ಲಿಗೆ,
ಉಳಿದದ್ದು ಉಳಿದವರಿಗೆ.
ಇಪ್ಪತ್ತೆರಡು ವರ್ಷ ಬ್ರಶ್ ಹಿಡದೀನಿ.
ಮೋಟಾರಿನವರನ್ನ ‘ಉಳಿದವರು’ ಅಂದದ್ದು
ಇದ ಮೊದಲ ಕೇಳಿದ್ದು.
ಇನ್ನೊಮ್ಮೆ ಹೇಳ್ರಿ ಅಂದೆ. ಕಿವಿ ಕೇಳಸಂಗಿಲ್ಲೇನು ಅಂದರು.

ಆ ತುದಿ ಭರಮಾ, ಈ ತುದಿ ನಾನು.
ದಾರ ಜಗ್ಗಿ ಟಪ್ ಅಂತ ಬಿಟ್ಟರ
ಡಾಂಬರಿನ ಮ್ಯಾಲ ಗೆರಿ ಬಿತ್ತು ನೆಟ್ಟಗ,
ಎರಡು ಜಡಿ ಹಾಕಿದ ಹುಡುಗಿಯ ಬೈತಲಿ ಹಂಗ.
ಹಚ್ಚಿಕೋತ ಹಚ್ಚಿಕೋತ ಕಾಸಾರ ಅಂಗಡಿ ಮುಟ್ಟಿದ್ವಿ.
ಅಲ್ಲೊಂದು ಕಾರು,
ಮುಸುಕು ಹೊದ್ದು ಗಟಾರಕ್ಕ ಬೆನ್ನು ಕೊಟ್ಟು ಮಲಗಿತ್ತು.

ಬಾಗಲ ಬಡದ್ವಿ. ಮ್ಯಾಲ ಕಿಡಕಿ ತೆರೀತು.
‘ತಾರೀಖು ಎಷ್ಟೋ ಇವತ್ತ?’
‘ಮೂವತ್ತೊಂದ್ರಿ.’
‘ಬೆಸ. ಬೆಸಕ್ಕ ಈ ಮಗ್ಗಲಾ ಗಾಡಿ ಹಚ್ಚಬೇಕಂತ
ಬೋರ್ಡ್ ಐತಿ, ಓದು.’
‘ಹನ್ನೆರಡು ಹೊಡದರ ತಾರೀಖು ಬದಲಾಗತೈತಲ್ರಿ?’
‘ಒಂದೂ ಬೆಸಾನ.’
ಕಿಡಕಿ ಮುಚ್ಚಿತು.

ಖರೇ ಐತಿ.
ಆ ಬೋರ್ಡು ಬರದಾವ ನಾನ.
ಸಮಕ್ಕ ಆ ಕಡೆ, ಬೆಸಕ್ಕ ಈ ಕಡೆ,
ಅಕ್ಷರ ದುಂಡಗ ಬಂದಾವಂತ ಖುಷಿಪಟ್ಟಿದ್ದೆ.
ತಿಂಗಳ ಕೊನಿಗಿರೋ ತೂತು ಕಾಣಲಿಲ್ಲ.
ಭರಮಾ ಕುಂತು ಬೀಡಿ ಹಚ್ಚಿದ.
ಕಾರಿನಷ್ಟು ಜಾಗಾ ಬಿಟ್ಟು ಮುಂದ ಹಚ್ಚಿದ್ವಿ.

ಮುಂಜಾನೆ ಸೈಕಲ್ ಹತ್ತಿ ನೋಡಾಕ ಬಂದೆ.
(ಬೆಲ್ಲಿಲ್ಲ ನನ್ನ ಸೈಕಲ್ಲಿಗೆ, ನಾನ ಕೂಗತೀನಿ.)
ಕಾರು ಹೋಗಿತ್ತು, ಅದರ ಅಳತಿ ಉಳದಿತ್ತು.
ಗೆರಿ ಓಡಿ ಬಂದು ಉಸಿರು ಹಿಡದು
ಹದಿನಾಲ್ಕು ಫೂಟು ದಾಟಿ
ಮತ್ತ ಓಡತಿತ್ತು.
ನಡುವಿನ ಆ ಕರಿ ಜಾಗಾದಾಗ
ಸುಳೇಭಾವಿಯ ಸತ್ತೆವ್ವ, ಮೆಂತೆ, ರಾಜಗಿರಿ, ಹಸಿ ಗೋಣಿ.
‘ಪೇಂಟರ, ಎಲ್ಲಾ ಕಡೆ ಗೆರಿ ಎಳದು
ನನಗಂತ ಇಷ್ಟು ಬಿಟ್ಟೀಯಲ್ಲೋ,
ನಿನ್ನ ಹೊಟ್ಟಿ ತಣ್ಣಗಿರಲಿ.’

ಏನ ಹೇಳಲಿ?
ಸಾಲಿ ಹುಡುಗ್ಯಾರು ಗೆರಿಯೊಳಗ ಬಂದರು,
ಇಬ್ಬರಿಬ್ಬರ ಕೈ ಹಿಡದು, ಮಾತಾಡಿಕೋತ.
ಇಲ್ಲಿ ಮಾತು ನಿಂತಿತು.
ಸತ್ತೆವ್ವನ ಸುತ್ತು ಹಾಕಾಕ ರೋಡಿಗೆ ಇಳದರು,
ಟೆಂಪೋ ಒದರಿತು,
ಹತ್ತಿ ಮತ್ತ ಮಾತಾಡಿದರು.
ಒಬ್ಬಾಕಿ ಸೈಕಲ್ ನಿಲ್ಲಿಸಿ, ಕಾಲು ಊರಿ,
ಒಂದು ಸಿವುಡು ಮೆಂತೆ ಕ್ಯಾರಿಯರಿಗೆ ಸಿಗಿಸಿದಳು.
ಇಳೀಲೇ ಇಲ್ಲ. ಹತ್ತು ಸೆಕೆಂಡು.

ಎರಡನೇ ತಾರೀಖು ಸಾಹೇಬರ ಫೋನು:
‘ನಡುವ ಖಾಲಿ ಕಾಣತೈತಿ.
ಪೂರಾ ಮಾಡ್ರಿ, ಮ್ಯಾಲ ಫೋಟೋ ಕಳಸಬೇಕು.’

ಸಮ. ಕಾರು ಆಚೆ ಮಗ್ಗಲಿಗಿತ್ತು.
ಕಂಬದ ದೀಪ ಯಾರೂ ಹಚ್ಚಿರಲಿಲ್ಲ,
ಮೊಬೈಲಿನ ಬೆಳಕಿನಾಗ ದಾರ ಜಗ್ಗಿದ್ವಿ.
ದಾರ ಅರ್ಧಕ್ಕ ಎದಕೋ ತಾಗಿ ಎದ್ದು ನಿಂತಿತು.
ಇಟ್ಟಂಗಿ.
ಹಳೇ ಸೀರಿ ಅಂಚು ಸುತ್ತಿ
ಜಾಗಾ ಹಿಡದು ಇಟ್ಟು ಹೋಗಿದ್ದಳು.

‘ಎತ್ತಲೇನು?’ ಅಂದ ಭರಮಾ.
ಬಗ್ಗಿದ. ನನ್ನ ಮಾರಿ ನೋಡಿದ.
ಹಂಗ ಎದ್ದ.

ಇಟ್ಟಂಗಿಯಷ್ಟು ಬಿಟ್ಟು ಹಚ್ಚಿದ್ವಿ.
ಒಂಬತ್ತು ಇಂಚು.
ಫೋಟೋದಾಗ ಕಾಣೂದಿಲ್ಲ.